ಬೆಂದ ಮಣಿ

ಲೋಕದಲ್ಲಿ ಕೆಲವು ಮಾತುಗಳು ಬಹುಕಾಲ ಕೈಯಿಂದ ಕೈಗೆ ದಾಟಿದ ನಾಣ್ಯಗಳಂತೆ ಸವೆದುಹೋಗಿರುವುವು. ಮೇಲಿನ ಅಚ್ಚು ಕಾಣದಿದ್ದರೂ ಅವು ಚಲಾವಣೆಯಲ್ಲಿರುವುವು. ಅವನ್ನು ಒರೆಗೆ ಹಚ್ಚಿ ನೋಡುವವರು ವಿರಳ. “ಕಷ್ಟದಲ್ಲಿ ಬೆಂದವನೇ ಗಟ್ಟಿಯಾಗುವನು” ಎಂಬುದು ಅಂತಹ ಮಾತುಗಳಲ್ಲಿ ಒಂದು. ಮಕ್ಕಳನ್ನು ಬೆಳೆಸುವ ತಾಯಿತಂದೆಗಳು ಇದನ್ನು ಹೇಳುವರು. ಆಳುಗಳಿಂದ ಕೆಲಸ ತೆಗೆಯುವ ಯಜಮಾನರು ಹೇಳುವರು. ಮೂವತ್ತನಾಲ್ಕು ವರ್ಷ ಉಪಾಧ್ಯಾಯನಾಗಿದ್ದ ನಾನು ತರಗತಿಯಲ್ಲಿ ಎಷ್ಟು ಸಲ ಹೇಳಿರುವೆನೋ ಲೆಕ್ಕವಿಲ್ಲ. ಈ ಮಾತಿನೊಳಗೆ ಎರಡು ಪ್ರಶ್ನೆಗಳು ಅಡಗಿವೆ. ಇದು ನಿಜವೇ ಎಂಬುದು ಮೊದಲನೆಯದು. ಒಂದು ವೇಳೆ ನಿಜವೇ ಆಗಿದ್ದರೂ, ಒಬ್ಬನು ಮತ್ತೊಬ್ಬನನ್ನು ಗಟ್ಟಿಮಾಡಬೇಕೆಂಬ ಉದ್ದೇಶದಿಂದ ಬೆಂಕಿಗೆ ಒಡ್ಡುವುದು ಧರ್ಮವೇ ಎಂಬುದು ಎರಡನೆಯದು. ಇಂತಹ ವಿಚಾರವನ್ನು ಗ್ರಂಥಗಳಿಂದ ಆರಂಭಿಸುವುದು ನಮ್ಮಂಥವರ ವಾಡಿಕೆ. ಆದರೆ ಇದು ನನ್ನ ಮನಸ್ಸಿನಲ್ಲಿ ಎದ್ದುದು ಹಿಡಿಯಷ್ಟು ಕೆರೆಯ ಮಣ್ಣಿನಿಂದ; ಆದುದರಿಂದ ಅಲ್ಲಿಂದಲೇ ಆರಂಭಿಸುವೆನು.

ಕಳೆದ ಬೇಸಗೆಯ ರಜೆಗೆ ಹತ್ತು ವರ್ಷದ ನನ್ನ ಮೊಮ್ಮಗಳು ಊರಿಗೆ ಬಂದಿದ್ದಳು. ಅವಳ ಬಳಿಯಿದ್ದ ಒಂದು ಪುಸ್ತಕದಲ್ಲಿ ಪ್ರಾಚೀನರು ಧರಿಸುತ್ತಿದ್ದ ಸುಟ್ಟ ಮಣ್ಣಿನ ಮಣಿಗಳ ಚಿತ್ರವಿದ್ದಿತು. “ತಾತ, ಇವನ್ನು ನಾವೂ ಮಾಡಬಹುದೇ?” ಎಂದು ಕೇಳಿದಳು. ಮಾಡಬಾರದೇಕೆ ಎಂದೆನು. ನಮ್ಮ ಜಿಲ್ಲೆಯವರಿಗೆ ಈ ಮಣಿಗಳು ಅನ್ಯವಾದ ವಸ್ತುಗಳಲ್ಲ. ಚಿತ್ರದುರ್ಗದ ಮಗ್ಗುಲಿನ ಚಂದ್ರವಳ್ಳಿಯಲ್ಲಿ ೧೯೨೯ರ ಸುಮಾರಿಗೆ ಡಾಕ್ಟರ್ ಎಂ. ಎಚ್. ಕೃಷ್ಣ ಅವರು ನೆಲವನ್ನು ಅಗೆಯಿಸಿದರು. ೧೯೪೭ರಲ್ಲಿ ಮಾರ್ಟಿಮರ್ ವೀಲರ್ ಅವರು ಅಲ್ಲಿಯೂ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿಯೂ ಉತ್ಖನನ ನಡೆಸಿದರು. ಅಶೋಕನ ಶಾಸನಗಳು ೧೮೯೨ರಲ್ಲಿ ಬೆಳಕಿಗೆ ಬಂದುದೂ ಅದೇ ಬ್ರಹ್ಮಗಿರಿಯ ಪ್ರಾಂತದಲ್ಲಿಯೇ. ಇಂತಹ ಪ್ರಾಚೀನ ನೆಲೆಗಳಲ್ಲಿ ಮಡಕೆಯ ಚೂರು, ನಾಣ್ಯ, ಬಳೆಯ ತುಂಡುಗಳೊಡನೆ ಕಲ್ಲು, ಶಂಖ, ಸುಟ್ಟ ಮಣ್ಣುಗಳ ಮಣಿಗಳು ದೊರೆಯುವುವು. ಭಾರತದ ಅನೇಕ ನೆಲೆಗಳಲ್ಲಿ ಅಡಕೆಯ ಆಕಾರದ ಮಣ್ಣಿನ ಮಣಿಗಳು ಸಿಕ್ಕಿರುವುದರಿಂದ ವಿದ್ವಾಂಸರು ಅವುಗಳಿಗೆ ಅಡಕೆಮಣಿಗಳೆಂದೇ ಹೆಸರಿಟ್ಟಿರುವರು. ಚಿನ್ನವನ್ನು ಕರಗಿಸಿಯಾರು, ಕಲ್ಲಿನ ಮಣಿಯನ್ನು ಕದ್ದಾರು; ಮಣ್ಣಿನ ಮಣಿಯನ್ನು ಯಾರೂ ಬಯಸರು. ಎರಡು ಸಾವಿರ ವರ್ಷಗಳ ಹಿಂದೆ ಯಾವ ಬಡಹೆಂಗಸಿನ ಕೊರಳ ದಾರ ಕಡಿದು ಬಿದ್ದುವೋ, ಬಿದ್ದಲ್ಲಿಯೇ ಉಳಿದುಬಂದಿವೆ.

ಕೆಲಸ ಸುಲಭವೆಂದು ಬಗೆದು ನಾವು ಯಾರನ್ನೂ ಕೇಳದೆ ಆರಂಭಿಸಿದೆವು. ಬತ್ತಿದ ಕೆರೆಯ ಅಂಗಳದಿಂದ ಜೇಡಿಮಣ್ಣನ್ನು ತಂದು, ನೀರಿನಲ್ಲಿ ನೆನೆಯಿಟ್ಟು, ಕಲಕಿ, ಹಳೆಯ ಪಂಚೆಯಲ್ಲಿ ಸೋಸಿದೆವು. ಬೇರು, ಹರಳು, ಚಿಪ್ಪುಗಳು ಬಟ್ಟೆಯಲ್ಲಿ ನಿಂತುವು. ತಿಳಿನೀರನ್ನು ಬಸಿದು, ಕೆಳಗೆ ಕುಳಿತ ಕೆಸರನ್ನು ಬಟ್ಟೆಯ ಮೇಲೆ ಹರಡಿ ನೀರಾರಿಸಿದೆವು. ಕೈಗೆ ಅಂಟದಷ್ಟು ಹದವಾದ ಮೇಲೆ ನಾದಿ, ಅಂಗೈಗಳ ನಡುವೆ ಉಂಡೆ ಮಾಡಿ, ಎಣ್ಣೆ ಸವರಿದ ತೆಂಗಿನ ಗರಿಕಡ್ಡಿಯಿಂದ ಪ್ರತಿಯೊಂದಕ್ಕೂ ತೂತು ಮಾಡಿದೆವು. ಅವು ಅರವತ್ತು ಮಣಿಗಳಾದುವು. ಕಡಲೆಯಷ್ಟು ಚಿಕ್ಕವು ಕೆಲವು, ನೆಲ್ಲಿಕಾಯಿಯಷ್ಟು ದೊಡ್ಡವು ಕೆಲವು. ಎರಡು ದಿನ ಬಿಸಿಲಿನಲ್ಲಿ ಒಣಗಿಸಿದೆವು. ಮುಟ್ಟಿದರೆ ಗಟ್ಟಿಯಾಗಿದ್ದುವು. ಮೂರನೆಯ ದಿನ ಹಿತ್ತಲಿನಲ್ಲಿ ಗುಳಿ ತೋಡಿ, ಬೆರಣಿಗಳನ್ನೂ ಸೌದೆಯ ಚೂರುಗಳನ್ನೂ ಒಟ್ಟಿ, ನಡುವೆ ಮಣಿಗಳನ್ನಿರಿಸಿ ಉರಿ ಹಚ್ಚಿದೆವು.

ಉರಿಯೆದ್ದ ಸ್ವಲ್ಪ ಹೊತ್ತಿನಲ್ಲಿಯೇ ಒಳಗಿನಿಂದ ಪಟಪಟನೆ ಸದ್ದು ಕೇಳಿಬಂದಿತು. ಅರಳು ಹುರಿಯುವಾಗ ಬರುವಂತಹ ಸದ್ದು. ಮಗು ಮೊದಲು ನಕ್ಕಳು. ಆಮೇಲೆ ಅದೇನೆಂದು ತಿಳಿದು ನನ್ನ ಮುಖವನ್ನು ನೋಡಿದಳು. ಬೂದಿಯಾರಿದ ಮೇಲೆ ತೆಗೆದು ನೋಡಿದರೆ ಅರವತ್ತರಲ್ಲಿ ಇಪ್ಪತ್ತಮೂರು ಮಣಿಗಳು ಸಿಡಿದು ಚೂರಾಗಿದ್ದುವು. ಅವಳು ಆ ಚೂರುಗಳನ್ನು ಅಂಗೈಯಲ್ಲಿಟ್ಟುಕೊಂಡು, “ತಾತ, ತಪ್ಪು ಯಾರದು? ಮಣ್ಣಿನದೋ, ಬೆಂಕಿಯದೋ, ನಮ್ಮದೋ?” ಎಂದು ಕೇಳಿದಳು.

ನಾನು ಪಾಠಶಾಲೆಯಲ್ಲಿ ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದಿದವನು. ಕಾರಣವು ಮೂರು ವಿಧ: ಸಮವಾಯಿ, ಅಸಮವಾಯಿ, ನಿಮಿತ್ತ. ಮಣಿಗೆ ಅದರ ಮಣ್ಣಿನ ಅವಯವಗಳು ಸಮವಾಯಿ ಕಾರಣ. ಆ ಅವಯವಗಳ ಸಂಯೋಗವು ಅಸಮವಾಯಿ ಕಾರಣ. ಮಾಡುವವನೂ ಅವನ ಉಪಕರಣಗಳೂ ನಿಮಿತ್ತ ಕಾರಣ. ಮಡಕೆಯನ್ನೂ ಬಟ್ಟೆಯನ್ನೂ ಉದಾಹರಿಸಿ ಈ ಪಾಠವನ್ನು ನೂರು ಸಲ ಒಪ್ಪಿಸಿದ್ದೆನು. ಆದರೆ ಒಡೆದ ಮಡಕೆಯ ವಿಷಯದಲ್ಲಿ ಈ ಮೂರರಲ್ಲಿ ಯಾವುದನ್ನು ಹೊಣೆಮಾಡಬೇಕೆಂದು ನನ್ನನ್ನು ಯಾರೂ ಕೇಳಿರಲಿಲ್ಲ. ನಾವು ಲೋಕದಲ್ಲಿ ಮಾಡುವ ಕ್ರಮವನ್ನು ನೋಡಿರಿ. ಹುಡುಗನೊಬ್ಬನು ಕೆಟ್ಟರೆ ಮೊದಲು ಮಣ್ಣನ್ನು ದೂರುವೆವು: “ಅವನ ಸ್ವಭಾವವೇ ಅಷ್ಟು.” ಬಳಿಕ ಬೆಂಕಿಯನ್ನು ದೂರುವೆವು: “ಕಾಲ ಕೆಟ್ಟಿತು.” ಕೈಯ ಸರದಿ ಕಟ್ಟಕಡೆಗೆ ಬರುವುದು, ಬರದೆಯೂ ಹೋಗಬಹುದು. ಇಲ್ಲಿಯಾದರೋ ಒಡೆದ ಮಣಿಯೂ ಉಳಿದ ಮಣಿಯೂ ಒಂದೇ ಮುದ್ದೆಯವು, ಒಂದೇ ಬೆಂಕಿಯಲ್ಲಿ ಇದ್ದವು. ಸಿಡಿದವುಗಳಲ್ಲಿ ಬಹುಪಾಲು ದೊಡ್ಡ ಮಣಿಗಳೆಂಬುದನ್ನು ಮಗುವೇ ಕಂಡುಹಿಡಿದಳು. ಅಷ್ಟಾದರೂ ಅದರ ಅರ್ಥ ನಮಗೆ ಹೊಳೆಯಲಿಲ್ಲ.

ನಮ್ಮೂರ ಕುಂಬಾರಗೇರಿಯಲ್ಲಿ ಈಗ ಆವಿಗೆ ಹಾಕುವ ಮನೆ ಒಂದೇ ಉಳಿದಿದೆ. ಆ ಮನೆಯ ಹಿರಿಯರು ಎಂಬತ್ತನ್ನು ದಾಟಿದವರು. ಚೂರುಗಳನ್ನು ಕೊಂಡೊಯ್ದು ಅವರ ಮುಂದೆ ಇಟ್ಟೆವು. ಅವರು ಅವನ್ನು ನೋಡಿ, “ಎಷ್ಟ್ ದಿವಸ ಆರಿಸಿದ್ರಿ ಮೇಷ್ಟ್ರೇ?” ಎಂದರು.

“ಎರಡು ದಿವಸ, ಯಜಮಾನರೇ. ಗಟ್ಟಿಯಾಗಿದ್ದುವು.”

“ಮ್ಯಾಲೆ ಗಟ್ಟಿಯಾಗೈತೆ. ಒಳಗೆ ನೀರು ಹಂಗೇ ಐತೆ. ಕೆನ್ನೆಗೆ ಇಟ್ಟು ನೋಡಿದ್ರಾ?”

ಇಲ್ಲವೆಂದೆನು. ಒಳಗೆ ತೇವವಿರುವ ಮಣ್ಣು ಕೆನ್ನೆಗೆ ತಣ್ಣಗೆ ತಾಗುವುದು. ಪೂರ್ತಿ ಆರಿದುದು ಹಾಗೆ ತಾಗುವುದಿಲ್ಲ. ಬೆರಳುಗಳು ದುಡಿದು ಒರಟಾಗಿರುವುದರಿಂದ ಅವಕ್ಕೆ ಈ ಭೇದ ತಿಳಿಯದು, ಕೆನ್ನೆಗೆ ತಿಳಿಯುವುದು. ಈ ಒಂದು ಮಾತನ್ನು ಅವರು ಹೇಳಿ, ಚೂರುಗಳನ್ನು ಹಿಂದಕ್ಕೆ ಕೊಡದೆ ತಮ್ಮ ಬಳಿಯಲ್ಲಿಯೇ ಇಟ್ಟುಕೊಂಡರು. ಏಕೆಂಬುದನ್ನು ಮುಂದೆ ಹೇಳುವೆನು.

ಈ ಕಾಲದ ವಿಜ್ಞಾನವು ಆ ಹಿರಿಯರ ಮಾತನ್ನು ಹೀಗೆ ವಿವರಿಸುವುದು. ಹಸಿ ಮಣ್ಣಿನಲ್ಲಿ ನೀರು ಎರಡು ಬಗೆಯಾಗಿರುವುದು. ಕಣಗಳ ನಡುವೆ ನಿಂತಿರುವ ನೀರು ಒಂದು. ಇದರಿಂದಲೇ ಮಣ್ಣು ಮೃದುವಾಗಿ ಕೈಯ ಮಾತು ಕೇಳುವುದು. ಬಿಸಿಲೂ ಗಾಳಿಯೂ ಇದರಲ್ಲಿ ಬಹುಭಾಗವನ್ನು ಕಳೆಯುವುವು. ಉಳಿದುದು ೧೦೦ ಡಿಗ್ರಿ ಶಾಖದ ಸುಮಾರಿನಲ್ಲಿ ಆವಿಯಾಗುವುದು. ನೀರು ಆವಿಯಾದಾಗ ಅದರ ಗಾತ್ರ ೧೬೦೦ ಪಾಲಿಗೂ ಮೀರಿ ಹೆಚ್ಚುವುದು. ಮಣಿ ಚಿಕ್ಕದಾದರೆ ಒಳಗಿನ ತೇವ ಬೇಗ ಹೊರಬಿದ್ದಿರುವುದು. ದೊಡ್ಡದಾದರೆ ನಡುವಿನಲ್ಲಿ ಉಳಿದು, ಉರಿ ತಟ್ಟಿದೊಡನೆ ದಾರಿ ಕಾಣದೆ ಮಣಿಯನ್ನೇ ಸೀಳುವುದು. ಎರಡನೆಯ ಬಗೆಯ ನೀರು ಮಣ್ಣಿನ ಖನಿಜದ ರಚನೆಯಲ್ಲಿಯೇ ಬೆರೆತಿರುವುದು. ಅದು ಹೊರಡುವುದು ಸುಮಾರು ೪೫೦ರಿಂದ ೬೦೦ ಡಿಗ್ರಿಯವರೆಗಿನ ಶಾಖದಲ್ಲಿ. ಬಯಲು ಬೆಂಕಿಯು ಇಷ್ಟನ್ನು ತಲುಪಬಲ್ಲುದು. ಆ ನೀರು ಹೋದ ಬಳಿಕ ಮಣ್ಣು ತನ್ನ ಪೂರ್ವಸ್ಥಿತಿಗೆ ಮರಳದು. ಒಣಗಿದ ಹಸಿಮಣಿಯನ್ನು ನೀರಿಗೆ ಹಾಕಿದರೆ ಕರಗಿ ಕೆಸರಾಗುವುದು, ಅದರಿಂದ ಮತ್ತೆ ಮಣಿ ಮಾಡಬಹುದು. ಬೆಂದ ಮಣಿಯನ್ನು ನೂರು ವರ್ಷ ನೀರಿನಲ್ಲಿಟ್ಟರೂ ಅದು ಬೆಂದ ಮಣಿಯೇ. ಒಣಗುವಿಕೆಯಲ್ಲಿ ಹಿಂದಿರುಗುವ ದಾರಿಯುಂಟು, ಪಾಕದಲ್ಲಿ ಇಲ್ಲ. ಈ ಒಂದು ಸಂಗತಿಯ ಮೇಲೆ ನನ್ನ ಇಡೀ ವಿಚಾರ ನಿಂತಿರುವುದು.

ಮಣ್ಣು ಬೇಯುವಾಗ ಒಳಗೆ ಏನಾಗುವುದೆಂಬುದನ್ನು ನಮ್ಮ ಶಾಸ್ತ್ರಕಾರರು ಹಗುರವಾಗಿ ಬಿಟ್ಟವರಲ್ಲ. ಕಪ್ಪಾದ ಹಸಿಮಡಕೆ ಕೆಂಪಾಗಿ ಹೊರಬರುವುದು. ಹಾಗಾದರೆ ಹೊರಬಂದುದು ಒಳಗೆ ಹೋದ ಮಡಕೆಯೇ, ಬೇರೆಯೇ? ವೈಶೇಷಿಕರು ಪೀಲುಪಾಕವಾದಿಗಳು, ಪೀಲುವೆಂದರೆ ಪರಮಾಣು. ಅಗ್ನಿಸಂಯೋಗದಿಂದ ಮಡಕೆಯು ಪರಮಾಣುಗಳವರೆಗೆ ಬಿಡಿಯಾಗಿ, ಆ ಪರಮಾಣುಗಳಲ್ಲಿ ಹೊಸ ಬಣ್ಣ ಹುಟ್ಟಿ, ಅವು ಮತ್ತೆ ಕೂಡಿಕೊಂಡು ಹೊಸ ಮಡಕೆಯಾಗುವುದೆಂದು ಅವರ ಮತ. ಇಲ್ಲವಾದರೆ ನಿಬಿಡವಾದ ವಸ್ತುವಿನ ಒಳಭಾಗಕ್ಕೆ ಬೆಂಕಿ ಹೊಕ್ಕು ಅದನ್ನು ಬೇಯಿಸುವುದೆಂತು ಎಂಬುದು ಅವರ ಪ್ರಶ್ನೆ. ಈ ಒಡೆದು ಕೂಡುವ ಕೆಲಸಕ್ಕೆ ಎಷ್ಟು ಕ್ಷಣಗಳು ಹಿಡಿಯುವುವೆಂಬುದನ್ನೂ ಅವರು ಎಣಿಸಿಟ್ಟಿರುವರು. ನೈಯಾಯಿಕರು ಪಿಠರಪಾಕವಾದಿಗಳು, ಪಿಠರವೆಂದರೆ ಮಡಕೆ. ಮಡಕೆಗೆ ಸೂಕ್ಷ್ಮರಂಧ್ರಗಳುಂಟು, ಆದುದರಿಂದಲೇ ಅದರಲ್ಲಿಟ್ಟ ನೀರು ಹೊರಗೆ ಜಿನುಗುವುದು, ಅವುಗಳ ಮೂಲಕ ಬೆಂಕಿ ಒಳಹೊಕ್ಕು ಮಡಕೆಯನ್ನು ಇದ್ದಂತೆಯೇ ಬೇಯಿಸುವುದು. “ಇದು ಅದೇ ಮಡಕೆ” ಎಂಬ ಗುರುತು ನಮಗುಂಟು. ಅದರ ಮೇಲೆ ಪೇರಿಸಿದ ಮಡಕೆಗಳು ನಡುವೆ ಕುಸಿಯುವುದೂ ಇಲ್ಲ ಎಂದು ಅವರ ಸಮಾಧಾನ.

ಹದಿನೆಂಟರ ವಯಸ್ಸಿನಲ್ಲಿ ಈ ವಾದವನ್ನು ಓದಿದಾಗ, ಕುಂಬಾರನೂ ಕೇಳದ ಪ್ರಶ್ನೆಗೆ ಇಷ್ಟು ದೊಡ್ಡ ಜಗಳವೇಕೆ ಎನ್ನಿಸಿತ್ತು. ಒಡೆದ ಮಣಿಯನ್ನು ಕೈಯಲ್ಲಿ ಹಿಡಿದ ಮೇಲೆ ಹಾಗೆನ್ನಿಸಲಿಲ್ಲ. ಈಗಿನ ವಿಜ್ಞಾನದ ಪ್ರಕಾರ ಖನಿಜದ ಒಳರಚನೆ ನಿಜವಾಗಿಯೂ ಮುರಿಯುವುದು. ಆದರೂ ಮಣಿಯ ಆಕಾರ ಉಳಿಯುವುದು, ಮಗುವಿನ ಬೆರಳಿನ ಗುರುತು ಕೂಡ ಉಳಿಯುವುದು. ಪೀಲುವಾದಿಯ ಮಾತು ಸೂಕ್ಷ್ಮದಲ್ಲಿ ಒಂದಿಷ್ಟು ನಿಲ್ಲುವುದು, ಪಿಠರವಾದಿಯ ಮಾತು ಸ್ಥೂಲದಲ್ಲಿ ನಿಲ್ಲುವುದು. ಇನ್ನೂ ಒಂದನ್ನು ಕಂಡೆನು. ಸಿಡಿಯದೆ ಉಳಿದ ಮಣಿಗಳಲ್ಲಿ ಒಂದನ್ನು ಪರೀಕ್ಷೆಗಾಗಿ ಒಡೆದೆವು. ಹೊರಗೆಲ್ಲ ಚೆನ್ನಾದ ಕೆಂಪು. ನಡುವಿನಲ್ಲಿ ಮಾತ್ರ ಕಪ್ಪು. ಮಣ್ಣಿನೊಳಗಿನ ಕಬ್ಬಿಣವು ಗಾಳಿಯ ಆಮ್ಲಜನಕದೊಡನೆ ಬೆಂದರೆ ಕೆಂಪಾಗುವುದು. ಬೆಂಕಿ ಅವಸರದ್ದಾಗಿ ಗಾಳಿ ಒಳಕ್ಕೆ ತಲುಪದಿದ್ದರೆ ಮಣ್ಣಿನಲ್ಲಿದ್ದ ಕಸಕಡ್ಡಿಯ ಇದ್ದಲು ಸುಟ್ಟುಹೋಗದೆ ನಡುವಿನಲ್ಲಿಯೇ ಉಳಿಯುವುದು. ವೈಶೇಷಿಕನ ಶಂಕೆ ಸುಮ್ಮನೆಯಲ್ಲ: ಒಳಭಾಗ ಬೆಂದಿತೇ ಎಂಬುದನ್ನು ಹೊರಗಿನ ಬಣ್ಣದಿಂದ ತೀರ್ಮಾನಿಸಲಾಗದು.

ಈಗ ನನ್ನ ಮಾತಿಗೆ ಬರುವೆನು. ೧೯೮೭ರಲ್ಲಿ ನಾನು ಒಂದು ಪ್ರೌಢಶಾಲೆಯಲ್ಲಿದ್ದೆನು. ಒಂಬತ್ತನೆಯ ತರಗತಿಯಲ್ಲಿ ಒಬ್ಬ ಹುಡುಗನಿದ್ದನು. ಸಂಸ್ಕೃತದಲ್ಲಿ ಅವನಿಗಿಂತ ಮುಂದಿದ್ದವರು ಯಾರೂ ಇರಲಿಲ್ಲ. ಬರೆದರೆ ತಪ್ಪೇ ಇರುತ್ತಿರಲಿಲ್ಲ. ಆದರೆ ಮಾತನಾಡುವಾಗ ಉಗ್ಗುತ್ತಿದ್ದನು. ಸಭೆಯ ಅಂಜಿಕೆ ಬಿಟ್ಟರೆ ಉಗ್ಗು ತಾನಾಗಿಯೇ ಬಿಡುವುದೆಂದು ನಾನು ನಿಶ್ಚಯಿಸಿ, ಶಾಲೆಯ ವಾರ್ಷಿಕೋತ್ಸವದಲ್ಲಿ ಸುಭಾಷಿತ ಪಠನಕ್ಕೆ ಅವನನ್ನು ಕೇಳದೆಯೇ ಅವನ ಹೆಸರು ಕೊಟ್ಟೆನು. ಹಿಂದಿನ ಸಂಜೆ ಅವನು ನನ್ನ ಕೊಠಡಿಯ ಬಾಗಿಲಲ್ಲಿ ನಿಂತು, ಬಹಳ ಕಷ್ಟದಿಂದ, “ಬೇಡ ಸಾರ್” ಎಂದನು. ನಾನು ನಕ್ಕು, “ಬೆಂಕಿಗೆ ಬೀಳದೆ ಮಣ್ಣು ಮಡಕೆಯಾಗುವುದಿಲ್ಲವಪ್ಪ” ಎಂದೆನು. ಮಾತು ಚೆನ್ನಾಗಿ ಬಂದಿತೆಂದು ಆಗ ಒಳಗೊಳಗೆ ಸಂತೋಷವೂ ಆಗಿದ್ದಿತು.

ಮರುದಿನ ಅವನು ವೇದಿಕೆ ಹತ್ತಿದನು. ಮೊದಲಕ್ಷರವೇ ಹೊರಡಲಿಲ್ಲ. ಸಭೆಯಲ್ಲಿ ಮೊದಲು ಮೌನ, ಬಳಿಕ ಒಂದು ಮೂಲೆಯಿಂದ ನಗೆ, ಆಮೇಲೆ ಎಲ್ಲ ಕಡೆಯಿಂದ ನಗೆ. ಅವನು ಎರಡು ನಿಮಿಷ ನಿಂತಿದ್ದಿರಬಹುದು. ನನಗೆ ಈಗಲೂ ಅದು ಅಳೆಯಲಾಗದ ಕಾಲ. ಕೆಳಗಿಳಿದು ಹೋದನು. ದಸರೆಯ ರಜೆ ಕಳೆದ ಮೇಲೆ ಶಾಲೆಗೆ ಬರಲಿಲ್ಲ. ವಿಚಾರಿಸಿದಾಗ ಬೇರೆ ಊರಿನ ಯಾವುದೋ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದನೆಂದು ತಿಳಿಯಿತು. ಹುಡುಗನಲ್ಲಿ ಧೈರ್ಯ ಸಾಲದು ಎಂದುಕೊಂಡೆನು. ಅಂದರೆ ಮಣ್ಣನ್ನು ದೂರಿದೆನು.

ಇಪ್ಪತ್ತೇಳು ವರ್ಷಗಳ ಮೇಲೆ, ೨೦೧೪ರಲ್ಲಿ, ಕಾರ್ಯಾಂತರದಿಂದ ಹೋದ ಒಂದು ಊರಿನಲ್ಲಿ ಅವರನ್ನು ಕಂಡೆನು. ಗುರುತು ಸಿಗುವಂತೆ ಬರೆಯುವ ಅಧಿಕಾರ ನನಗಿಲ್ಲ. ಸ್ವಂತ ಅಂಗಡಿ, ಒಳ್ಳೆಯ ವ್ಯಾಪಾರ. ನನ್ನನ್ನು ಗುರುತಿಸಿ ಎದ್ದು ನಿಂತು, ಕುರ್ಚಿ ಹಾಕಿಸಿ, ಕಾಫಿ ತರಿಸಿದರು. ಗಿರಾಕಿಗಳೊಡನೆ ಮಾತೆಲ್ಲ ಮಗನದು. ತಂದೆ ಚೀಟಿಯಲ್ಲಿ ಲೆಕ್ಕ ಬರೆದುಕೊಡುತ್ತಿದ್ದರು. ನಾನು ಆ ದಿನದ ಮಾತೆತ್ತಿ ಕ್ಷಮೆ ಕೇಳಿದೆನು. “ಹಳೇದು ಸಾರ್” ಎಂದರು. ಸ್ವಲ್ಪ ಹೊತ್ತು ಬಿಟ್ಟು, ನಿಧಾನವಾಗಿ, ಇನ್ನೊಂದು ಮಾತು ಹೇಳಿದರು: ಮಗನಿಗೆ ಉಗ್ಗಿಲ್ಲ, ಆದರೂ ಅವನು ಚಿಕ್ಕವನಾಗಿದ್ದಾಗ ಅವನನ್ನು ಯಾವ ಸಮಾರಂಭದಲ್ಲಿಯೂ ವೇದಿಕೆ ಹತ್ತಿಸಬಾರದೆಂದು ತಾವೇ ಶಾಲೆಗೆ ಹೋಗಿ ಹೇಳಿ ಬಂದಿದ್ದರಂತೆ.

ಹಿಂದಿರುಗುವಾಗ ಜೊತೆಯಲ್ಲಿದ್ದ ಸ್ನೇಹಿತರು, “ನೋಡಿ, ಎಷ್ಟು ಚೆನ್ನಾಗಿ ಮುಂದೆ ಬಂದಿದ್ದಾರೆ. ಅಂದು ಬೆಂದುದರಿಂದಲೇ ಗಟ್ಟಿಯಾದರು” ಎಂದರು. ನನಗೂ ಹಾಗೆ ನಂಬುವ ಆಸೆಯಿತ್ತು. ಕೆಲವು ವರ್ಷ ಅರೆಮನಸ್ಸಿನಿಂದ ನಂಬಿಯೂ ಇದ್ದೆನು. ನಡುವಿನಲ್ಲಿ ಕಪ್ಪು ಉಳಿದಿದ್ದ ಆ ಮಣಿಯನ್ನು ನೋಡಿದ ದಿನ ಆ ನಂಬಿಕೆ ಹೋಯಿತು.

ಈಗ ಮೊದಲನೆಯ ಪ್ರಶ್ನೆ. ಕಷ್ಟವು ಮನುಷ್ಯನನ್ನು ಗಟ್ಟಿಮಾಡುವುದೆಂಬುದು ನಿಜವೇ? ಈ ಮಾತನ್ನು ಹೇಳುವವರು ಬೆಂಕಿಯಿಂದ ಇಡಿಯಾಗಿ ಹೊರಬಂದ ಮೂವತ್ತೇಳು ಮಣಿಗಳನ್ನು ದಾರಕ್ಕೆ ಪೋಣಿಸಿ ತೋರಿಸುವರು. ಸಿಡಿದ ಇಪ್ಪತ್ತಮೂರು ಬೂದಿಯ ಜೊತೆಗೆ ತಿಪ್ಪೆ ಸೇರಿರುವುದರಿಂದ ಅವುಗಳ ಸಾಕ್ಷ್ಯವನ್ನು ಯಾರೂ ಕೇಳುವುದಿಲ್ಲ. ಉಳಿದವುಗಳಾದರೂ ಉಳಿದುದು ಬೆಂಕಿಯ ಕೃಪೆಯಿಂದಲ್ಲ. ಬೆಂಕಿಗೆ ಮೊದಲು ಚೆನ್ನಾಗಿ ಆರಿದ್ದುದರಿಂದ. ಬೆಂಕಿಯು ಮಣಿಯಲ್ಲಿ ಮೊದಲೇ ಸಿದ್ಧವಾಗಿದ್ದುದನ್ನು ಸ್ಥಿರಗೊಳಿಸುವುದು. ಇದ್ದ ದೋಷವನ್ನೂ ಹಾಗೆಯೇ ಸ್ಥಿರಗೊಳಿಸುವುದು. ನಮ್ಮ ಭಾಷೆಯೇ ಇದಕ್ಕೆ ಸಾಕ್ಷಿ. ಅನ್ನವೂ ಬೇಯುವುದು, ಮನೆಯೂ ಬೇಯುವುದು. “ಬೆಂದ ಅನ್ನ” ಎಂದರೆ ಉಣ್ಣತಕ್ಕುದು, “ಬೆಂದ ಮನೆ” ಎಂದರೆ ನಾಶವಾದುದು. ಕ್ರಿಯಾಪದ ಒಂದೇ. ಆದುದರಿಂದ “ಬೆಂದವನು” ಎಂದಷ್ಟಕ್ಕೆ ಅವನು ಪಕ್ವನಾದನೋ ಸುಟ್ಟುಹೋದನೋ ತಿಳಿಯದು.

ಇಲ್ಲಿ ಒಂದು ಆಕ್ಷೇಪ ಬರುವುದು. ಹಾಗಾದರೆ ಬೆಂಕಿಯೇ ಬೇಡವೇ? ಮಕ್ಕಳನ್ನು ಹತ್ತಿಯಲ್ಲಿ ಸುತ್ತಿಡಬೇಕೇ? ಬೇಯದ ಮಣಿ ಮೊದಲನೆಯ ಮಳೆಗೇ ಕರಗುವುದಲ್ಲವೇ? ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ಹಸಿಮಣಿಯನ್ನು ಕೊರಳಲ್ಲಿ ಧರಿಸಲಾಗದು. ಬೆವರಿಗೆ ಅದು ಕೆಸರಾಗುವುದು. ಕಾಠಿಣ್ಯವಿಲ್ಲದೆ ಲೋಕದಲ್ಲಿ ನಿಲ್ಲುವುದು ಅಸಾಧ್ಯ. ಆದುದರಿಂದ ಬೆಂಕಿ ಬೇಕು. ಯಾವಾಗ, ಎಷ್ಟು, ಯಾರ ಇಚ್ಛೆಯಿಂದ ಎಂಬುದನ್ನು ನಿರ್ಣಯಿಸಬೇಕು.

ಯಾವಾಗ, ಎಷ್ಟು ಎಂಬುದಕ್ಕೆ ಕುಂಬಾರ ಹಿರಿಯರೇ ಉತ್ತರ ಹೇಳಿದರು. ನೆರಳಿನಲ್ಲಿ ಆರಿಸಬೇಕು, ಬಿಸಿಲು ಮೇಲ್ಮೈಯನ್ನು ಮಾತ್ರ ಬೇಗ ಬಿಗಿಸಿ ಬಿರುಕು ತರುವುದು. ದಿನಕ್ಕೊಮ್ಮೆ ಮಗ್ಗುಲು ಬದಲಿಸಬೇಕು. ಬೆಂಕಿಗೆ ಮೊದಲು ಒಲೆಯ ಪಕ್ಕದಲ್ಲಿಟ್ಟು ಕಾವು ಕೊಡಬೇಕು. ಉರಿಯನ್ನು ಮೆಲ್ಲಗೆ ಏರಿಸಬೇಕು. ಆರುವಾಗ ಬೂದಿಯಲ್ಲಿಯೇ ರಾತ್ರಿಯೆಲ್ಲ ಬಿಡಬೇಕು, ಆತುರಪಟ್ಟು ತಣ್ಣೀರು ಚಿಮುಕಿಸಬಾರದು. ಎಲ್ಲಕ್ಕೂ ಮೊದಲು ಕೆನ್ನೆಗೆ ಇಟ್ಟು ನೋಡಬೇಕು. ನಾವು ಮಕ್ಕಳನ್ನು ಬೆರಳಿನಿಂದ ತಟ್ಟಿ ನೋಡುವೆವು: ಅಂಕವೆಷ್ಟು, ನಡತೆಯೆಂತಹುದು, ಮೇಲ್ಮೈ ಗಟ್ಟಿಯೋ ಹೇಗೆ. ಕೆನ್ನೆಗೆ ಇಟ್ಟು ನೋಡುವಷ್ಟು ಹತ್ತಿರಕ್ಕೆ ಹೋಗುವವರು ಕಡಮೆ. ಇನ್ನೊಂದು ಭೇದವನ್ನು ಮರೆಯತಕ್ಕುದಲ್ಲ. ದೃಷ್ಟಾಂತವೂ ದಾರ್ಷ್ಟಾಂತಿಕವೂ ಎಲ್ಲ ಅಂಶಗಳಲ್ಲಿ ಸಮನಾಗಿರುವುದಿಲ್ಲ. ಮಣ್ಣು “ನಾನಿನ್ನೂ ಆರಿಲ್ಲ” ಎಂದು ಹೇಳಲಾರದು. ಆ ಹುಡುಗನು ಬಾಗಿಲಲ್ಲಿ ನಿಂತು ಹೇಳಿದ್ದನು.

ಚೆಕ್ ದೇಶದ ಮೊರಾವಿಯ ಪ್ರಾಂತದಲ್ಲಿ ಡೋಲ್ನಿ ವೆಸ್ಟೊನಿಟ್ಸೆ ಎಂಬ ಸ್ಥಳವಿದೆ. ಅಲ್ಲಿ ೧೯೨೫ರಲ್ಲಿ ಸುಟ್ಟ ಮಣ್ಣಿನ ಒಂದು ಸ್ತ್ರೀಮೂರ್ತಿ ದೊರೆಯಿತು; ಅದಕ್ಕೆ ಇಪ್ಪತ್ತೈದು ಸಾವಿರ ವರ್ಷಗಳಿಗೂ ಮೇಲಾಗಿದೆ. ಮಡಕೆಗಳು ಹುಟ್ಟುವುದಕ್ಕೆ ಮೊದಲೇ ಅಲ್ಲಿಯ ಜನ ಮಣ್ಣಿನ ಪ್ರಾಣಿಗಳನ್ನೂ ಮೂರ್ತಿಗಳನ್ನೂ ಮಾಡಿ ಬೆಂಕಿಗೆ ಹಾಕುತ್ತಿದ್ದರು. ಅವುಗಳಲ್ಲಿ ಸಾವಿರಾರು ಚೂರುಗಳಾಗಿಯೇ ಸಿಕ್ಕಿವೆ. ಅನೇಕವು ಬೆಂಕಿಯ ಹೊಡೆತದಿಂದಲೇ ಒಡೆದುವೆಂದೂ, ಸಿಡಿಯಲೆಂದೇ ಅವನ್ನು ಹಾಗೆ ಸುಟ್ಟಿರಬಹುದೆಂದೂ ೧೯೮೯ರಲ್ಲಿ ಸಂಶೋಧಕರು ಸೂಚಿಸಿದರು. ಇದು ಹಾಗೆಯೇ ಇದ್ದರೂ ಆ ಪ್ರಾಚೀನರನ್ನು ನಾವು ದೂಷಿಸಬೇಕಾಗಿಲ್ಲ, ಮಣ್ಣಿಗೆ ನೋವಿಲ್ಲ. ಸಿಡಿಯುವುದನ್ನು ನೋಡಿ ನಗುವ ಸಭೆಯಲ್ಲಿ ನಿಂತಿರುವುದು ಮಣ್ಣಲ್ಲದಿದ್ದಾಗ ಮಾತು ಬೇರೆ.

ಇನ್ನು ಯಾರ ಇಚ್ಛೆಯಿಂದ ಎಂಬ ಅಂಶ. ಎರಡನೆಯ ಪ್ರಶ್ನೆ ಇದರಲ್ಲಿಯೇ ತೀರುವುದು. ತಾಪ, ತಪಸ್ಸು ಎಂಬ ಎರಡು ಶಬ್ದಗಳೂ ಒಂದೇ ಧಾತುವಿನಿಂದ ಹುಟ್ಟಿದುವು. ಎರಡರಲ್ಲಿಯೂ ಸುಡುವ ಅರ್ಥವಿದೆ. ತಾನಾಗಿ ಕೈಕೊಂಡು, ಏಕೆಂದು ಅರಿತು, ಸಾಕೆನಿಸಿದಾಗ ಎದ್ದುಬರುವ ಸ್ವಾತಂತ್ರ್ಯದೊಡನೆ ಸಹಿಸುವ ಉರಿ ತಪಸ್ಸು. ಇನ್ನೊಬ್ಬರು ಒಡ್ಡಿದ ಉರಿ ತಾಪ. ಹೊರಗಿನವನ ಕಣ್ಣಿಗೆ ಎರಡೂ ಒಂದೇ ಬಣ್ಣ. ತಪಸ್ಸು ಮನುಷ್ಯನನ್ನು ಪಕ್ವಗೊಳಿಸುವುದೆಂಬುದಕ್ಕೆ ಪ್ರಮಾಣಗಳುಂಟು. ಅವುಗಳನ್ನು ತೋರಿಸಿ ತಾಪವನ್ನು ಸಮರ್ಥಿಸುವುದು ಹೇತ್ವಾಭಾಸ. ಹಾಗಾದರೆ ಹಿರಿಯರ ಅಧಿಕಾರವೆಷ್ಟು? ಸೋಸುವುದು, ನಾದುವುದು, ನೆರಳಿನಲ್ಲಿ ಆರಿಸುವುದು, ಕಾವು ತೋರಿಸುವುದು, ಇಷ್ಟೂ ಅವರ ಕೆಲಸ. ಇವೇನೂ ಸುಖದ ಹಾಸಿಗೆಯಲ್ಲ, ಇವುಗಳಲ್ಲಿಯೂ ಶಿಸ್ತುಂಟು. ಇಲ್ಲಿ ತಪ್ಪಿದರೆ ನೀರು ಹಾಕಿ ಮತ್ತೆ ನಾದಬಹುದು. ಉರಿಗೆ ಇಡುವ ಹೆಜ್ಜೆಯಿಂದ ಹಿಂದಿರುಗುವ ದಾರಿಯಿಲ್ಲವಾದುದರಿಂದ, ಅದನ್ನು ಬೇಯುವವನ ಒಪ್ಪಿಗೆಯಿಲ್ಲದೆ ಇಡುವ ಅಧಿಕಾರ ಗುರುವಿಗಾಗಲಿ ತಂದೆಗಾಗಲಿ ಇಲ್ಲವೆಂದು ನಾನು ತಿಳಿದಿರುವೆನು. ಜೀವನವು ತಾನೇ ಒಡ್ಡುವ ಉರಿಗಳು ಬೇಕಾದಷ್ಟುಂಟು. ನಾವು ಇನ್ನೊಂದನ್ನು ಕೂಡಿಸಬೇಕಾಗಿಲ್ಲ. “ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ” ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಕುಂಬಾರನ ಕೈಯಲ್ಲಿಯೇ ದೊಣ್ಣೆಯೂ ಇರಬಹುದೆಂಬುದನ್ನು ಮರೆಯುವೆವು.

ಆ ಹಿರಿಯರು ಚೂರುಗಳನ್ನು ಇಟ್ಟುಕೊಂಡುದೇಕೆಂದು ಹೇಳುವೆನೆಂದಿದ್ದೆನು. ನಾಲ್ಕು ದಿನಗಳ ಮೇಲೆ ನಾವು ಹೋದಾಗ ಅವರು ಅವುಗಳನ್ನು ಒರಳಿನಲ್ಲಿ ಕುಟ್ಟಿ ಜರಡಿ ಹಿಡಿದು ಇಟ್ಟಿದ್ದರು. “ಇದನ್ನ ಹೊಸ ಮಣ್ಣಿಗೆ ಕಲಸ್ರಿ. ಬಿರುಕು ಬಿಡಾಕಿಲ್ಲ” ಎಂದರು. ಒಮ್ಮೆ ಬೆಂದ ಪುಡಿ ಆರುವಾಗ ಕುಗ್ಗುವುದಿಲ್ಲ. ಹಸಿಮಣ್ಣಿನ ನಡುವೆ ಸೇರಿ ಅದರ ಕುಗ್ಗುವಿಕೆಯನ್ನು ತಗ್ಗಿಸುವುದು, ಒಳಗಿನ ತೇವಕ್ಕೆ ಹೊರಹೋಗುವ ದಾರಿ ಮಾಡಿಕೊಡುವುದು. ನಾವು ಹಾಗೆಯೇ ಮಾಡಿದೆವು. ಎಂಟು ದಿನ ನೆರಳಿನಲ್ಲಿ ಆರಿಸಿ, ಮಗು ಒಂದೊಂದನ್ನೂ ಕೆನ್ನೆಗೆ ಇಟ್ಟು ನೋಡಿ, ಏಳನ್ನು “ಇನ್ನೂ ತಣ್ಣಗಿದೆ” ಎಂದು ಹಿಂದಕ್ಕಿಟ್ಟಳು. ಉಳಿದವನ್ನು ಸುಟ್ಟೆವು. ಎರಡು ಮಾತ್ರ ಬಿರಿದುವು.

ಈ ಪುಡಿಯಲ್ಲಿ ಒಂದು ಸಮಾಧಾನ ಕಾಣುವುದು. ಆದರೆ ಅದನ್ನು ಎಚ್ಚರಿಕೆಯಿಂದ ಸ್ವೀಕರಿಸಬೇಕು. ನನ್ನ ತಪ್ಪಿನಿಂದ ನಾನು ಕಲಿತೆನು, ಆಮೇಲಿನ ಮಕ್ಕಳಿಗೆ ಅದರಿಂದ ಉಪಕಾರವಾಯಿತು, ಆದುದರಿಂದ ಲೆಕ್ಕ ಸರಿಹೋಯಿತು ಎಂದು ಮನಸ್ಸು ಹೇಳುವುದು. ಲೆಕ್ಕ ಸರಿಹೋಗಿಲ್ಲ. ಸಿಡಿದ ಮಣಿ ಹೊಸ ಮಣಿಗಳಿಗೆ ಬಲ ಕೊಡಲೆಂದು ಸಿಡಿಯಲಿಲ್ಲ. ನನ್ನ ಅವಸರದಿಂದ ಸಿಡಿಯಿತು. ಆ ಹುಡುಗನು ನನ್ನ ಪಾಠಕ್ಕಾಗಿ ಹುಟ್ಟಿದವನಲ್ಲ. ಅವನು ಹೇಳಬೇಕಾಗಿದ್ದ ಸುಭಾಷಿತ ಹೇಳದೆಯೇ ಉಳಿಯಿತು. ಅವರು “ಹಳೇದು ಸಾರ್” ಎಂದುದು ಅವರ ದೊಡ್ಡತನ. ಅದರಿಂದ ನನ್ನ ಋಣ ತೀರಿತೆಂದು ಬಗೆಯುವುದು ನನ್ನ ಸಣ್ಣತನವಾದೀತು. ಚೂರನ್ನು ಕುಟ್ಟಿ ಕಲಸುವುದು ಋಣ ತೀರಿಸುವ ಬಗೆಯಲ್ಲ, ಋಣವನ್ನು ಮರೆಯದಿರುವ ಬಗೆ.

ಈಗ ಸಂಜೆಯ ಹೊತ್ತು ನಾಲ್ಕೈದು ಮಕ್ಕಳು ಸಂಸ್ಕೃತ ಕಲಿಯಲು ನಮ್ಮ ಮನೆಯ ಜಗುಲಿಗೆ ಬರುವರು. ಅವರಲ್ಲಿ ಒಬ್ಬ ಹುಡುಗಿ ಗಟ್ಟಿಯಾಗಿ ಓದಲು ಅಂಜುವಳು. ನಾನು ಅವಳನ್ನು ಕೊನೆಯಲ್ಲಿ, ಇತರರು ಹೋದ ಮೇಲೆ, “ಇವತ್ತು ಓದುತ್ತೀಯೇನಮ್ಮ?” ಎಂದು ಕೇಳುವೆನು. ಬಹಳ ದಿನ “ನಾಳೆ, ಮೇಷ್ಟ್ರೇ” ಎನ್ನುತ್ತಿದ್ದಳು. ಆಗಲಿ ಎಂದು ಪುಸ್ತಕ ಮುಚ್ಚುತ್ತಿದ್ದೆನು. ಹ್ಞೂಂ ಎನ್ನಲು ಅವಳಿಗೆ ಎಷ್ಟು ದಿನ ಹಿಡಿಯುವುದೋ ಅಷ್ಟು ದಿನ ಆರಲಿ, ನೆರಳು ಬೇಕಾದಷ್ಟಿದೆ. ನನ್ನ ಮೇಜಿನ ಮೇಲೆ ಮೊಮ್ಮಗಳು ಬಿಟ್ಟುಹೋದ ಒಂದು ಮಣಿಯಿದೆ. ಅದರ ಮೈಯಲ್ಲಿ ಹಳೆಯ ಚೂರಿನ ಕೆಂಪು ಕಣಗಳು ಅಲ್ಲಲ್ಲಿ ಬೇರೆಯಾಗಿಯೇ ಕಾಣುವುವು.